ಅಕಿತಾದ ಉಪ್ಪು ಮತ್ತು ಮರುಕಳಿಸುವ ಪಾರ್ಶ್ವವಾಯು

ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಉತ್ತರಭಾಗದಲ್ಲಿ, ಜಪಾನ್ ಸಮುದ್ರದ ದಡದಲ್ಲಿರುವ ಅಕಿತಾ ಪ್ರಾಂತ್ಯವು ಮೊದಲಿನಿಂದಲೂ ಭತ್ತಕ್ಕೂ ಹಿಮಕ್ಕೂ ಹೆಸರಾದ ಸೀಮೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವೈದ್ಯರು ಈ ಸೀಮೆಯನ್ನು ಗುರುತಿಸಿದ್ದು ಮಾತ್ರ ಅಲ್ಲಿ ಪಾರ್ಶ್ವವಾಯುವಿನಿಂದ ಸಾಯುತ್ತಿದ್ದವರ ಸಂಖ್ಯೆಯಿಂದಾಗಿ. 1951ರಿಂದ 1980ರವರೆಗೆ ಇಡೀ ಜಪಾನಿನಲ್ಲಿಯೇ ಸಾವಿನ ಕಾರಣಗಳಲ್ಲಿ ಪಾರ್ಶ್ವವಾಯುವಿಗೆ ಮೊದಲ ಸ್ಥಾನವಿತ್ತಾದರೂ ಅದರ ಹೊರೆ ಈಶಾನ್ಯದ ಪ್ರಾಂತ್ಯಗಳ ಮೇಲೆ ಹೆಚ್ಚಾಗಿ ಬಿದ್ದಿತ್ತು. ಅದರಲ್ಲೂ ಮಿದುಳಿನ ರಕ್ತನಾಳ ಒಡೆದು ಒಳಗೇ ರಕ್ತ ಸೋರುವ ಬಗೆಯ ಪಾರ್ಶ್ವವಾಯುವು ಮುದುಕರನ್ನಷ್ಟೇ ಅಲ್ಲದೆ ಗದ್ದೆಯಲ್ಲಿ ದುಡಿಯುವ ನಡುವಯಸ್ಸಿನವರನ್ನೂ ಕೆಡವುತ್ತಿತ್ತು.

ಇದರ ಮೂಲ ಇದ್ದುದು ಚಳಿಗಾಲದ ಅಡುಗೆಮನೆಯಲ್ಲಿ. ವರ್ಷದಲ್ಲಿ ಹಲವು ತಿಂಗಳು ನೆಲವೆಲ್ಲ ಹಿಮದಡಿ ಹೂತುಹೋಗುವ ಊರುಗಳಲ್ಲಿ ಹಸಿ ತರಕಾರಿ ದೊರೆಯುತ್ತಿರಲಿಲ್ಲವಾದ್ದರಿಂದ, ಶರತ್ಕಾಲದಲ್ಲಿಯೇ ಮೂಲಂಗಿ ಮತ್ತು ಸೊಪ್ಪುಗಳನ್ನು ಉಪ್ಪಿನಲ್ಲಿ ಊರಿಡುವುದು, ಮೂಲಂಗಿಯನ್ನು ಒಲೆಯ ಹೊಗೆಯಲ್ಲಿ ಒಣಗಿಸಿ ಉಪ್ಪಿಗೆ ಹಾಕಿ ‘ಇಬುರಿಗಕ್ಕೊ’ ಎಂಬ ಉಪ್ಪಿನಕಾಯಿ ಮಾಡುವುದು, ಹತಹತ ಎಂಬ ಮೀನನ್ನು ಉಪ್ಪಿನಲ್ಲಿ ಕೊಳೆಸಿ ‘ಶೊತ್ತ್ಸುರು’ ಎಂಬ ರಸ ಇಳಿಸುವುದು ಮನೆಮನೆಯ ಕೆಲಸವಾಗಿತ್ತು. ಇವುಗಳ ಜೊತೆಗೆ, ಸೋಯಾ ಅವರೆಯನ್ನು ಉಪ್ಪು ಬೆರೆಸಿ ಹುದುಗಿಸಿ ಮಾಡುವ ‘ಮಿಸೊ’ ಎಂಬ ಗಟ್ಟಿ ಹಿಟ್ಟನ್ನು ಬಿಸಿನೀರಿನಲ್ಲಿ ಕದಡಿದ ಸಾರು ದಿನಕ್ಕೆ ಹಲವು ಬಾರಿ ಊಟಕ್ಕೆ ಬರುತ್ತಿತ್ತು. ಹೊಟ್ಟೆ ತುಂಬ ಅನ್ನ, ಅದನ್ನು ಇಳಿಸಲು ಒಂದಿಷ್ಟು ಉಪ್ಪುಪ್ಪಾದ ವ್ಯಂಜನ ಎಂಬುದು ಬಡ ರೈತನ ಊಟದ ಕ್ರಮವಾಗಿತ್ತೇ ಹೊರತು ನಾಲಗೆಯ ಚಪಲವಾಗಿರಲಿಲ್ಲ. ಇದನ್ನು ಮರೆತು ಆ ಜನರ ಆಹಾರವನ್ನು ದೂರುವುದು ನ್ಯಾಯವಲ್ಲ.

ತೊಹೊಕು ವಿಶ್ವವಿದ್ಯಾಲಯದ ಕೊಂದೊ ಶೋಜಿ ಈಶಾನ್ಯದ ಹಳ್ಳಿಗಳನ್ನು ತಿರುಗಿ ಆಹಾರಕ್ಕೂ ಅಕಾಲ ಮರಣಕ್ಕೂ ಇರುವ ನಂಟನ್ನು ಹುಡುಕಿದರೆ, ಹಿರೊಸಾಕಿ ವಿಶ್ವವಿದ್ಯಾಲಯದ ತಕಾಹಾಶಿ ಮತ್ತು ಸಸಾಕಿ ನಾವೊಸುಕೆ 1957ರಲ್ಲಿ ಜಪಾನಿನ ಯಾವ ಭಾಗದಲ್ಲಿ ಮಿದುಳಿನ ರಕ್ತಸ್ರಾವವೂ ಅಧಿಕ ರಕ್ತದೊತ್ತಡವೂ ಎಷ್ಟಿವೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ನೆರೆಯ ಅವೊಮೊರಿ ಪ್ರಾಂತ್ಯದ ಸೇಬು ಬೆಳೆಯುವ ಹಳ್ಳಿಗಳ ರಕ್ತದೊತ್ತಡವು ಅಕಿತಾದ ಭತ್ತದ ಹಳ್ಳಿಗಳದಕ್ಕಿಂತ ಕಡಿಮೆಯಿರುವುದನ್ನು ಗಮನಿಸಿದ ಸಸಾಕಿ, ಹಣ್ಣಿನಲ್ಲಿರುವ ಪೊಟ್ಯಾಸಿಯಂ ಎಂಬ ಲವಣಾಂಶವು ಉಪ್ಪಿನ ಸೋಡಿಯಂನ ಕೇಡನ್ನು ಸ್ವಲ್ಪಮಟ್ಟಿಗೆ ತಡೆಯುತ್ತಿರಬಹುದೆಂದು ಊಹಿಸಿದರು. ಈ ಊಹೆಯ ಬೆಲೆ ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕದ ಸಂಶೋಧಕ ಲೂಯಿಸ್ ಡಾಲ್ 1960ರಲ್ಲಿ ಪ್ರಕಟಿಸಿದ, ಉಪ್ಪಿನ ಬಳಕೆಯನ್ನೂ ಅಧಿಕ ರಕ್ತದೊತ್ತಡವನ್ನೂ ಜೋಡಿಸಿ ತೋರಿಸುವ ಪ್ರಸಿದ್ಧ ರೇಖಾಚಿತ್ರದಲ್ಲಿ ಉತ್ತರ ಜಪಾನಿನವರ ಉಪ್ಪಿನ ಬಳಕೆ ತಲೆಗೆ ದಿನಕ್ಕೆ ಸುಮಾರು 26ರಿಂದ 27 ಗ್ರಾಂ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುವ ಮಿತಿ 5 ಗ್ರಾಂ. ಕೆಲವೇ ಜನಸಮುದಾಯಗಳ ಸರಾಸರಿಗಳನ್ನು ಹೋಲಿಸಿದ ಆ ರೇಖಾಚಿತ್ರವೊಂದರಿಂದಲೇ ಕಾರಣವನ್ನು ಸಾಧಿಸಲಾಗದು ಎಂಬ ಟೀಕೆಯಲ್ಲಿ ಹುರುಳಿದ್ದರೂ, ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ಸಂಬಂಧವನ್ನು ಪ್ಯಾರಿಸಿನ ಅಂಬಾರ್ ಮತ್ತು ಬೋಝಾರ್ 1904ರಲ್ಲಿಯೇ ಸೂಚಿಸಿದ್ದರು. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ ಉಪ್ಪಿಲ್ಲದ ಅನ್ನ ಮತ್ತು ಹಣ್ಣನ್ನಷ್ಟೇ ಕೊಟ್ಟು ತೀವ್ರ ರಕ್ತದೊತ್ತಡವನ್ನು ಇಳಿಸಿ ತೋರಿಸಿದ್ದರು. ಅಕಿತಾದ ರೈತ ಉಂಡದ್ದೂ ಅನ್ನವೇ, ಕೆಂಪ್ನರ್ ಅವರ ರೋಗಿ ಉಂಡದ್ದೂ ಅನ್ನವೇ ಎಂಬುದನ್ನು ನೋಡಿದರೆ ದೋಷ ಅಕ್ಕಿಯದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಒಮ್ಮೆ ಪಾರ್ಶ್ವವಾಯು ಬಡಿದು ಬದುಕುಳಿದವರ ಪಾಡು ಏನಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆಯಾಗಿತ್ತು. ಕ್ಯೂಶು ದ್ವೀಪದ ಹಿಸಯಾಮ ಎಂಬ ಊರಿನಲ್ಲಿ 1961ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವು ಇದಕ್ಕೆ ಕಠೋರವಾದ ಉತ್ತರ ಕೊಟ್ಟಿತು: ಮೊದಲ ಆಘಾತದ ಬಳಿಕ ಹತ್ತು ವರ್ಷಗಳೊಳಗೆ ಮರುಕಳಿಸುವ ಸಂಭವ ಶೇಕಡಾ 51ರಷ್ಟಿತ್ತು. ಅಂದರೆ ಮೊದಲ ಆಘಾತಕ್ಕೆ ಕಾರಣವಾದ ರಕ್ತದೊತ್ತಡ, ತಂಬಾಕು, ಮದ್ಯ, ಉಪ್ಪು ಇವೆಲ್ಲ ಹಾಗೆಯೇ ಉಳಿದಿರುವಾಗ ರೋಗಿ ಆಸ್ಪತ್ರೆಯಿಂದ ಮರಳುವುದು ಅದೇ ಮನೆಗೆ, ಅದೇ ಊಟಕ್ಕೆ. ಇಡೀ ಮನೆಗೆಂದು ಕುದಿಯುವ ಮಿಸೊ ಸಾರಿನ ಪಾತ್ರೆಯಲ್ಲಿ ಅವನೊಬ್ಬನ ಪಾಲಿನ ಉಪ್ಪನ್ನು ಮಾತ್ರ ಕಡಿಮೆ ಮಾಡಲು ಬರುವುದಿಲ್ಲ.

ಹಾಗಾಗಿ ಜಪಾನಿನಲ್ಲಿ ಫಲ ಕಂಡ ಪ್ರಯತ್ನಗಳೆಲ್ಲ ರೋಗಿಗೆ ಬುದ್ಧಿ ಹೇಳುವುದಕ್ಕಿಂತ ಊರಿಗೆ ಊರನ್ನೇ ಬದಲಿಸಲು ಹೊರಟವು. ಅಕಿತಾದ ಇಕಾವ ಎಂಬ ಊರಿನಲ್ಲಿ ಒಸಾಕಾದ ವೈದ್ಯರ ತಂಡವು 1963ರಿಂದ ಊರಿನವರ ರಕ್ತದೊತ್ತಡವನ್ನು ನಿಯಮಿತವಾಗಿ ಅಳೆಯತೊಡಗಿ, ಒತ್ತಡ ಹೆಚ್ಚಿದ್ದವರಿಗೆ ಔಷಧ ಕೊಡಿಸಿ, ಹೆಂಗಸರಿಗೆ ಉಪ್ಪು ತಗ್ಗಿಸಿದ ಅಡುಗೆಯ ಪಾಠಗಳನ್ನು ನಡೆಸಿತು. ಇಷ್ಟು ಕಾಳಜಿ ದೊರೆಯದ ಹತ್ತಿರದ ಸಮುದಾಯಕ್ಕೆ ಹೋಲಿಸಿದರೆ ಅಲ್ಲಿನ ಗಂಡಸರಲ್ಲಿ ಪಾರ್ಶ್ವವಾಯು ಹೆಚ್ಚು ಬೇಗ ಇಳಿಯಿತು. ಪಾರ್ಶ್ವವಾಯುವಿಗೆ ಅಷ್ಟೇ ಕುಖ್ಯಾತವಾಗಿದ್ದ ನಗಾನೊ ಪ್ರಾಂತ್ಯದಲ್ಲಿ ಯಾಚಿಹೊ ಎಂಬ ಹಳ್ಳಿಯ ಎಲ್ಲರಿಗೂ 1959ರಿಂದ ಸಕು ಎಂಬ ಆಸ್ಪತ್ರೆಯ ವಕತ್ಸುಕಿ ತೊಶಿಕಾಜು ಮತ್ತು ಅವರ ಸಂಗಡಿಗರು ಆರೋಗ್ಯ ತಪಾಸಣೆ ನಡೆಸಿದರು. ಗೃಹಿಣಿಯರಿಂದಲೇ ಕೂಡಿದ ಆರೋಗ್ಯ ಸ್ವಯಂಸೇವಕಿಯರು ಮನೆಗಳಿಗೆ ಹೋಗಿ ಸಾರಿನ ಉಪ್ಪಿನಂಶವನ್ನು ಉಪಕರಣದಿಂದ ಅಳೆದು, ಸಾರಿಗೆ ತರಕಾರಿ ಹೆಚ್ಚಿಸಿ ಮಿಸೊ ತಗ್ಗಿಸಲು ಕಲಿಸಿದರು. ಚಳಿಗೆ ರಕ್ತನಾಳಗಳು ಬಿಗಿದು ಒತ್ತಡ ಏರುವುದರಿಂದ, ಮನೆಯಲ್ಲಿ ಕನಿಷ್ಠ ಒಂದು ಕೋಣೆಯನ್ನಾದರೂ ಬೆಚ್ಚಗಿಡಬೇಕೆಂಬ ಚಳವಳಿಯೂ ಅಲ್ಲಿ ನಡೆಯಿತು. ಮುಂದೆ ಇದೇ ನಗಾನೊ ಜಪಾನಿನಲ್ಲಿ ಅತಿ ದೀರ್ಘ ಆಯುಷ್ಯದ ಪ್ರಾಂತ್ಯವೆನಿಸಿತು.

ಈ ಇಳಿಕೆಯ ಕೀರ್ತಿಯನ್ನೆಲ್ಲ ಆರೋಗ್ಯ ಬೋಧನೆಗೇ ಕೊಡಲಾಗದು. 1960ರ ದಶಕದಲ್ಲಿ ಮನೆಗಳಿಗೆ ರೆಫ್ರಿಜರೇಟರ್ ಬಂದಾಗ ಉಪ್ಪಿನಲ್ಲಿ ಊರಿಡುವ ಅಗತ್ಯವೇ ತಗ್ಗಿತು. ಮೀನು, ಮಾಂಸ, ಹಾಲಿನ ಬಳಕೆ ಹೆಚ್ಚಿತು. ರಕ್ತದೊತ್ತಡದ ಒಳ್ಳೆಯ ಮಾತ್ರೆಗಳು ಬಂದವು. ಪಾರ್ಶ್ವವಾಯು ಆಗಿ ಬದುಕುಳಿದವರಲ್ಲಿ ಒತ್ತಡ ಇಳಿಸಿದರೆ ಎರಡನೆಯ ಆಘಾತ ತಪ್ಪುತ್ತದೆಯೇ ಎಂಬುದಕ್ಕೆ 2001ರಲ್ಲಿ ಪ್ರಕಟವಾದ ‘ಪ್ರೋಗ್ರೆಸ್’ ಎಂಬ ಪ್ರಯೋಗವು ಗಟ್ಟಿ ಸಾಕ್ಷ್ಯ ಒದಗಿಸಿತು: ಜಪಾನ್, ಚೀನಾ ಸೇರಿ ಹಲವು ದೇಶಗಳ 6,105 ರೋಗಿಗಳಲ್ಲಿ ಮಾತ್ರೆಗಳಿಂದ ಮರು ಆಘಾತ ಶೇಕಡಾ 28ರಷ್ಟು ತಗ್ಗಿತು. ಊಟವನ್ನು ತಿದ್ದಿಕೊಂಡವರು ಮಾತ್ರೆಯನ್ನು ಬಿಟ್ಟುಬಿಡಬಹುದೆಂಬ ಜನಜನಿತ ನಂಬಿಕೆಗೆ ಈ ಚರಿತ್ರೆಯಲ್ಲಿ ಎಲ್ಲಿಯೂ ಆಧಾರವಿಲ್ಲ.

ಸಸಾಕಿಯ ಪೊಟ್ಯಾಸಿಯಂ ಊಹೆಗೆ ದೊಡ್ಡ ಪರೀಕ್ಷೆ ಒದಗಿದ್ದು ಉತ್ತರ ಚೀನಾದ ಹಳ್ಳಿಗಳಲ್ಲಿ. ಸಾಮಾನ್ಯ ಉಪ್ಪಿನಲ್ಲಿ ಕಾಲು ಪಾಲನ್ನು ತೆಗೆದು ಅದರ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದ ಉಪ್ಪನ್ನು 600 ಹಳ್ಳಿಗಳ ಪೈಕಿ ಅರ್ಧದಷ್ಟರಲ್ಲಿ ಬಳಸಿ ಸುಮಾರು ಐದು ವರ್ಷ ನಡೆಸಿದ ಈ ಪ್ರಯೋಗದಲ್ಲಿ ಭಾಗವಹಿಸಿದ ಸುಮಾರು 21,000 ಜನರಲ್ಲಿ ಹೆಚ್ಚಿನವರಿಗೆ ಮೊದಲೇ ಪಾರ್ಶ್ವವಾಯು ಆಗಿತ್ತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬದಲಿ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು. ಮೂತ್ರಪಿಂಡದ ಕಾಯಿಲೆಯಿರುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಮಿತಿಮೀರಿ ಉಳಿದು ಹೃದಯಕ್ಕೆ ಅಪಾಯ ತರುವುದರಿಂದ ತೀವ್ರವಾದ ಮೂತ್ರಪಿಂಡ ರೋಗವಿರುವವರನ್ನು ಪ್ರಯೋಗದಿಂದ ಹೊರಗಿಡಲಾಗಿತ್ತು, ಆದ್ದರಿಂದ ವೈದ್ಯರನ್ನು ಕೇಳದೆ ಅಂಥ ಉಪ್ಪನ್ನು ತಂದು ಬಳಸುವುದು ಸಲ್ಲದು. ಬದಲಿ ಉಪ್ಪನ್ನು ಈ ಹಳ್ಳಿಗಳಲ್ಲಿ ರೋಗಿಯ ತಟ್ಟೆಗೆ ಮಾತ್ರ ಎಂದು ಕೊಡಲಿಲ್ಲ. ಮನೆಯವರೆಲ್ಲರ ಅಡುಗೆಗೂ ಊರಿಡುವ ತರಕಾರಿಗೂ ಸಾಕಾಗುವಷ್ಟನ್ನು ಉಚಿತವಾಗಿ ಹಂಚಲಾಯಿತು.