ಘಟ್ಟ ಹತ್ತಿದ ಪೆಟ್ಟಿಗೆಗಳು, ಹೆಗ್ಗೋಡಿನಿಂದ ಹೊರಟ ತಿರುಗಾಟ

ಕಾರ್ತಿಕ ಕಳೆದು ಕೊನೆಕೊಯ್ಲು ಮುಕ್ಕಾಲು ಮುಗಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಯಕ್ಷಗಾನ ಮೇಳದ ಮಾತು ಶುರುವಾಗುತ್ತದೆ. ಯಾವ ಮೇಳ ಘಟ್ಟ ಹತ್ತಿತು, ಯಾರ ಮನೆಯ ಹರಕೆ ಆಟ, ಪ್ರಸಂಗ ಯಾವುದು, ಭಾಗವತರು ಯಾರು? ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲೇ ಇರುವ ನಮಗೆ ಬಯಲಲ್ಲಿ ಕೂತು ಆಟ ನೋಡಲು ಸಿಗುವುದು ವರ್ಷದ ಅರ್ಧ ಮಾತ್ರ. ಆ ಅರ್ಧದಲ್ಲೇ ಗದ್ದೆ ಕೊಯ್ಲಾಗಿ ಖಾಲಿಯಾಗಿರುತ್ತದೆ, ಅಡಿಕೆ ಒಣಗಿಸಿದ ಅಂಗಳ ಸಗಣಿ ಸಾರಿಸಿಕೊಂಡು ನುಣುಪಾಗಿರುತ್ತದೆ, ಚಪ್ಪರದ ಕಂಬಗಳು ನಿಂತಲ್ಲೇ ನಿಂತಿರುತ್ತವೆ. ನಾಲ್ಕು ಕಂಬಕ್ಕೆ ಮಾವಿನ ತೋರಣ ಕಟ್ಟಿದರೆ ರಂಗಸ್ಥಳ ಸಿದ್ಧ. ನಮ್ಮ ಸೀಮೆಯ ಕೃಷಿಯೇ ಮೇಳಗಳಿಗೆ ವರ್ಷವರ್ಷವೂ ಜಾಗ ಬಿಡಿಸಿ ಕೊಟ್ಟಿದೆ.

ಈ ಸಂಚಿಕೆಗೆ ನಮ್ಮ ಸೀಮೆಯ ರಂಗ ಇತಿಹಾಸ ಬರೆಯಿರಿ ಎಂದಾಗ ಮೊದಲು ನೆನಪಾದದ್ದು ದೊಡ್ಡ ಕಲಾವಿದರಲ್ಲ. ಅವರ ಬಗ್ಗೆ ಬರೆದವರಿದ್ದಾರೆ, ಇನ್ನೂ ಬರೆಯುತ್ತಾರೆ. ಮೂವತ್ತು ನಲವತ್ತು ಜನರ ಒಂದು ತಂಡ ಆರು ತಿಂಗಳು ಮನೆ ಬಿಟ್ಟು, ಪ್ರತಿ ರಾತ್ರಿ ಹೊಸ ಊರಿನಲ್ಲಿ ಆಡಿ, ಪ್ರತಿ ಹಗಲು ಹೊಸ ಜಗುಲಿಯಲ್ಲಿ ಮಲಗಿ ಎದ್ದದ್ದು ಹೇಗೆ, ಅವರನ್ನು ಉಣಿಸಿದವರು ಯಾರು, ಹೊತ್ತವರು ಯಾರು ಎಂಬುದು ಮಾತ್ರ ಅಚ್ಚಿನಲ್ಲಿ ಕಾಣುವುದು ಅಪರೂಪ. ನಾನು ಬರೆಯುತ್ತಿರುವುದು ಅದನ್ನು.

ಮೋಟಾರು ರಸ್ತೆ ಇಲ್ಲದ ಕಾಲದಲ್ಲಿ ಕರಾವಳಿಯ ಮೇಳಗಳು ಕಾಲುದಾರಿಯಲ್ಲೇ ಘಟ್ಟ ಹತ್ತಿ ಬರುತ್ತಿದ್ದವು. ವೇಷಭೂಷಣದ ಮರದ ಪೆಟ್ಟಿಗೆಗಳನ್ನು ಆಳುಗಳು ತಲೆಯ ಮೇಲೆ ಹೊರುತ್ತಿದ್ದರು. ಭುಜಕೀರ್ತಿ, ಎದೆಪದಕ, ವೀರಕಸೆ, ಡಾಬು, ಇವೆಲ್ಲ ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದವು. ಒಂದೊಂದೂ ಹಗುರವೇ, ಪೆಟ್ಟಿಗೆ ತುಂಬಿದರೆ ಮಾತ್ರ ಕುತ್ತಿಗೆ ಮುರಿಯುವ ಭಾರ. ಆಟ ಮುಗಿದು ಮಂಗಳ ಹಾಡುವಾಗ ಬೆಳಕು ಹರಿದಿರುತ್ತಿತ್ತು. ಬಣ್ಣ ತೆಗೆದು ಹೊಳೆಯಲ್ಲಿ ಮಿಂದು ಗಂಜಿ ಕುಡಿದು ಕಲಾವಿದರು ಮಲಗುವ ಹೊತ್ತಿಗೆ ಪೆಟ್ಟಿಗೆ ಹೊತ್ತವರು ಆಗಲೇ ಮುಂದಿನ ಊರಿನ ದಾರಿ ಹಿಡಿದಿರುತ್ತಿದ್ದರು. ರಾತ್ರಿಯಿಡೀ ಆಟದ ಕೆಲಸಕ್ಕಿದ್ದವರೂ ಅವರೇ. ಅವರು ಯಾವಾಗ ನಿದ್ದೆ ಮಾಡುತ್ತಿದ್ದರೆಂದು ಯಾರೂ ಬರೆದಿಟ್ಟಿಲ್ಲ. ಆ ಕಾಲದ ಆತಿಥ್ಯವನ್ನು ಹೊಗಳುವಾಗ ಇನ್ನೊಂದನ್ನೂ ಮುಚ್ಚಿಡಬಾರದು: ಯಾರು ಒಳಜಗುಲಿಯಲ್ಲಿ ಉಣ್ಣಬೇಕು, ಯಾರು ಅಂಗಳದ ಅಂಚಿನಲ್ಲಿ ಬಾಳೆ ಹಾಕಿಕೊಳ್ಳಬೇಕು ಎಂಬುದನ್ನು ಜಾತಿಯೇ ತೀರ್ಮಾನಿಸುತ್ತಿತ್ತು. ರಂಗಸ್ಥಳದಲ್ಲಿ ಚಕ್ರವರ್ತಿಯಾಗಿದ್ದವನೂ ಬೆಳಿಗ್ಗೆ ಆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಮೇಳದ ಬದುಕು ಏನೆಂದು ತಿಳಿಯಬೇಕಾದರೆ ರಂಗಸ್ಥಳದ ಮುಂದೆ ಕೂರುವುದಕ್ಕಿಂತ ಚೌಕಿಯ ಬಾಗಿಲಲ್ಲಿ ನಿಲ್ಲಬೇಕು. ಊರಿಗೆ ಬಂದ ಮೇಳದ ಮೊದಲ ಮನೆ ಅದು. ಒಂದು ತುದಿಯಲ್ಲಿ ಮೇಳದ ಗಣಪತಿ, ಮುಂದೆ ದೀಪ. ಎರಡು ಸಾಲಾಗಿ ಪೆಟ್ಟಿಗೆಗಳು, ಪೆಟ್ಟಿಗೆಯ ಎದುರು ಚಾಪೆ, ಚಾಪೆಯ ಮೇಲೆ ಕನ್ನಡಿ. ಯಾರ ಜಾಗ ಯಾವುದೆಂಬುದು ಹಿರಿತನದ ಪ್ರಕಾರ ಮೊದಲೇ ನಿಶ್ಚಯವಾಗಿರುತ್ತದೆ. ಇಂದು ರಾತ್ರಿ ತೀರ್ಥಹಳ್ಳಿಯ ಗದ್ದೆ, ನಾಳೆ ನಗರದ ಶಾಲೆ ಮೈದಾನ, ನಾಡಿದ್ದು ಸಾಗರದ ಪೇಟೆಯಾದರೂ ಚೌಕಿಯೊಳಗಿನ ಊರು ಬದಲಾಗುವುದಿಲ್ಲ. ಅದೇ ಸಾಲು, ಅದೇ ಪಕ್ಕದವರು. ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಅಂಗೈಯಲ್ಲೇ ಹದ ನೋಡುತ್ತಾರೆ. ನಮ್ಮ ಕಡೆಯ ಬಡಗುತಿಟ್ಟಿನ ಕೇದಗೆ ಮುಂದಲೆ, ದೊಡ್ಡ ಮುಂಡಾಸು ಸಿದ್ಧವಾಗಿ ಪೆಟ್ಟಿಗೆಯಲ್ಲಿ ಇರುವಂಥದ್ದಲ್ಲ. ಪ್ರತಿ ರಾತ್ರಿ ವೇಷಧಾರಿಯ ತಲೆಯ ಮೇಲೇ ಬಟ್ಟೆ ಸುತ್ತಿ, ಜರಿ ಪಟ್ಟಿ ಎಳೆದು, ಹುರಿ ಬಿಗಿದು ಕಟ್ಟಬೇಕು. ಬಿಗಿ ಕಡಿಮೆಯಾದರೆ ಕುಣಿತದಲ್ಲಿ ಜಾರುತ್ತದೆ, ಹೆಚ್ಚಾದರೆ ಬೆಳಗಿನ ಜಾವಕ್ಕೆ ಹಣೆಯ ನರ ಸಿಡಿದಂತಾಗುತ್ತದೆ. ಮುಖ್ಯ ವೇಷ ರಂಗಕ್ಕೆ ಬರುವುದು ನಡುರಾತ್ರಿ ದಾಟಿದ ಮೇಲೆ. ಅಲ್ಲಿಯವರೆಗೆ ಸಂಜೆಯಿಂದ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಕುಣಿಯುವವರು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ನಮ್ಮ ಸೀಮೆಯ ಎಷ್ಟೋ ಹುಡುಗರು ಶಾಲೆ ಬಿಟ್ಟು ಮೇಳದ ಹಿಂದೆ ಹೋದದ್ದು ಈ ಚೌಕಿಯ ಬಾಗಿಲಲ್ಲಿ ನಿಂತು ನೋಡಿದ್ದರಿಂದಲೇ.

ಲಾರಿ ಬಂದ ಮೇಲೆ ಡೇರೆ ಬಂತು. ಟಿಕೆಟ್ಟಿನ ಆಟ ಬಂತು. ನೆಲ, ಕುರ್ಚಿ, ಆರಾಮ ಕುರ್ಚಿ ಎಂದು ದರ್ಜೆಗಳಾದವು. ಮಧ್ಯಾಹ್ನ ಧ್ವನಿವರ್ಧಕ ಕಟ್ಟಿದ ಜೀಪು ಹಳ್ಳಿ ಹಳ್ಳಿ ಸುತ್ತಿ ಬಣ್ಣದ ಕರಪತ್ರ ಎಸೆದು ಹೋಗುತ್ತಿತ್ತು. ಹಿಂದೆ ಮಕ್ಕಳು ಓಡುತ್ತಿದ್ದರು. ಪಳ್ಳಿ ಸೋಮನಾಥ ಹೆಗ್ಡೆಯವರ ಯಜಮಾನಿಕೆಯ ಸಾಲಿಗ್ರಾಮ ಮೇಳ ಘಟ್ಟದ ಮೇಲೆ ದೊಡ್ಡ ಹೆಸರು ಮಾಡಿತು. ಊರಿನ ನಾಲ್ಕು ಜನ ಸೇರಿ ಆಟ ಕಂಟ್ರಾಕ್ಟ್ ಹಿಡಿಯುವುದು, ಕಲೆಕ್ಷನ್ ಬಂದರೆ ಶಾಲೆಗೆ ಮಾಡು, ಬಾರದಿದ್ದರೆ ತಮ್ಮ ಅಡಿಕೆ ದುಡ್ಡಿನಿಂದ ತುಂಬುವುದು, ಇದು ಆಗಿನ ನಿತ್ಯದ ಕಥೆ. ನಮ್ಮ ಎಷ್ಟೋ ಸಂಘಸಂಸ್ಥೆಗಳ ಮೊದಲ ನಿಧಿ ಹುಟ್ಟಿದ್ದು ಹೀಗೆ, ಡೇರೆಯ ಟಿಕೆಟ್ಟಿನಿಂದ.

ಲಾರಿಗೆ ದಾರಿ ಬೇಕಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ದೊಡ್ಡ ಗಾಡಿ ತಿರುಗುವುದಿಲ್ಲ, ಅಲ್ಲಿ ಮಿನಿ ಬಸ್ಸಿನದೇ ರಾಜ್ಯ. ಡೇರೆ, ಕುರ್ಚಿ, ಜನರೇಟರು ತುಂಬಿದ ಲಾರಿಗಳಿಗೆ ಹುಲಿಕಲ್ ಘಾಟಿಯೇ ಗತಿ. ದಾರಿಯಲ್ಲಿ ಚಂಡಿಕಾಂಬೆಯ ಗುಡಿ. ಗಾಡಿ ನಿಲ್ಲಿಸಿ ಕೈ ಮುಗಿಯದೆ ಮುಂದೆ ಹೋಗುವ ಚಾಲಕರು ಕಡಿಮೆ. ಆ ಕೈಮುಗಿತಕ್ಕೆ ಕಾರಣವಿದೆ. ರಾತ್ರಿಯೆಲ್ಲ ಎಚ್ಚರ, ಬೆಳಗಿನ ಜಾವದ ಪಯಣ, ಮಂಜು. ಮೇಳದ ಬದುಕನ್ನು ರಸ್ತೆ ಎಷ್ಟು ಸಾಕಿತೋ ಅಷ್ಟೇ ಕಸಿದುಕೊಂಡಿದೆ. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತರ ಆಸುಪಾಸು. ಅವರ ಪದ್ಯಗಳ ಕ್ಯಾಸೆಟ್ಟು ಇಲ್ಲದ ಮನೆ ಆಗ ನಮ್ಮಲ್ಲಿ ಹುಡುಕಬೇಕಿತ್ತು. ಆ ಸುದ್ದಿ ಕೇಳಿ ಅತ್ತವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಡೇರೆ ಮೇಳಗಳಲ್ಲಿ ಹೆಚ್ಚಿನವು ಒಂದೊಂದಾಗಿ ಕರಗಿದವು. ಹರಕೆ ಮೇಳಗಳು ಉಳಿದವು, ಬೆಳೆದವು. ಮಂದಾರ್ತಿ ದುರ್ಗಾಪರಮೇಶ್ವರಿಗೆ ಹರಕೆ ಹೊತ್ತ ಮನೆಗಳು ಘಟ್ಟದ ಮೇಲೂ ಬಹಳ; ಆಟಕ್ಕೆ ವರ್ಷಗಳ ಮುಂಚೆಯೇ ಹೆಸರು ಬರೆಸಿ ಕಾಯುತ್ತಾರೆ. ಸಿಗಂದೂರು ಚೌಡೇಶ್ವರಿಯ ಹೆಸರಿನಲ್ಲಿ ನಮ್ಮ ಸೀಮೆಯದೇ ಮೇಳ ಹೊರಟಿತು. ರಾಮಚಂದ್ರಾಪುರ ಮಠದ ಆಶ್ರಯದಲ್ಲಿ ಕೆಲವು ವರ್ಷ ತಿರುಗಿದ ಹೊಸನಗರ ಮೇಳವನ್ನಂತೂ ವಿಶೇಷವಾಗಿ ನೆನೆಯಬೇಕು. ಬಡಗಿನ ನೆಲದ ಊರಿನ ಹೆಸರು ಹೊತ್ತು ತೆಂಕುತಿಟ್ಟಿನ ಮೇಳವೊಂದು ತೆಂಕಣ ಊರುಗಳನ್ನೆಲ್ಲ ಸುತ್ತಿತು. ಪದ್ಯಾಣ ಗಣಪತಿ ಭಟ್ಟರಂಥ ಭಾಗವತರು ಅದರಲ್ಲಿ ಹಾಡಿದರು. ಹೊಸನಗರ ಎಂಬ ತಾಲೂಕು ಎಲ್ಲಿದೆಯೆಂದು ಗೊತ್ತಿಲ್ಲದ ಕಾಸರಗೋಡಿನ ಹಳ್ಳಿಗರಿಗೂ ಆ ಹೆಸರು ಮೇಳದಿಂದ ಪರಿಚಯವಾಯಿತು.

ಇಲ್ಲಿಯವರೆಗೆ ನಮ್ಮಲ್ಲಿಗೆ ಬಂದವರ ಮಾತು. ನಮ್ಮಲ್ಲಿಂದ ಹೊರಟವರ ಕಥೆ ಹೆಗ್ಗೋಡಿನದು. ಸಾಗರದ ಹತ್ತಿರದ ಈ ಅಡಿಕೆ ಬೆಳೆಗಾರರ ಹಳ್ಳಿಯಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ. ಅಲ್ಲಿ ಕಲಿತು ಹೊರಬಂದ ಹುಡುಗ ಹುಡುಗಿಯರು ಮುಂದೇನು ಮಾಡಬೇಕು? ಊರೂರುಗಳಲ್ಲಿ ಒಳ್ಳೆಯ ನಾಟಕ ನೋಡುವ ಆಸೆಯಿರುವ ಜನ ಏನು ಮಾಡಬೇಕು? ಈ ಎರಡು ಪ್ರಶ್ನೆಗೂ ಸಂಘದ ಕೆ.ವಿ. ಸುಬ್ಬಣ್ಣ ಮತ್ತು ಅವರ ಬಳಗ ಕೊಟ್ಟ ಉತ್ತರ 1985ರಲ್ಲಿ ಹೊರಟ ತಿರುಗಾಟ. ಮೇಳದವರು ತಮ್ಮ ಹಂಗಾಮಿನ ಸಂಚಾರಕ್ಕೆ ಹೇಳುತ್ತಿದ್ದ ಹೆಸರೇ ಅದಕ್ಕೂ ಬಂತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಹೆಗ್ಗೋಡನ್ನು ಹುಡುಕಿಕೊಂಡು ಬಂದವು. ಅಷ್ಟರಲ್ಲಿ ತಿರುಗಾಟದ ತಂಡ ಕರ್ನಾಟಕದ ಊರುಗಳನ್ನು ಹಲವು ಸುತ್ತು ಸುತ್ತಿ ಆಗಿತ್ತು.

ಮಳೆಗಾಲದಲ್ಲಿ ತಾಲೀಮು, ದಸರಾ ದೀಪಾವಳಿಯ ಹೊತ್ತಿಗೆ ಹೆಗ್ಗೋಡಿನಲ್ಲಿ ಮೊದಲ ಪ್ರದರ್ಶನ, ಆಮೇಲೆ ಬೇಸಿಗೆ ಏರುವವರೆಗೆ ದಾರಿ. ಹದಿನೈದು ಇಪ್ಪತ್ತು ಜನ, ವರ್ಷಕ್ಕೆ ಎರಡು ಮೂರು ನಾಟಕ. ಶೇಕ್ಸ್‌ಪಿಯರ್, ಕಾಳಿದಾಸ, ಬ್ರೆಕ್ಟ್, ಜೊತೆಗೆ ಕನ್ನಡದವೇ ನಾಟಕಗಳು. ಪು.ತಿ.ನ. ಅವರ ಗೋಕುಲ ನಿರ್ಗಮನವನ್ನು ಬಿ.ವಿ. ಕಾರಂತರು ತಿರುಗಾಟಕ್ಕೆ ಕಟ್ಟಿಕೊಟ್ಟಾಗ, ಓದುವ ನಾಟಕವೆಂದು ಬದಿಗಿಟ್ಟಿದ್ದ ಕೃತಿಯನ್ನು ಹಳ್ಳಿಯ ಜನ ಕೂತು ಕೇಳಿದರು. ನನ್ನ ಮಟ್ಟಿಗೆ ತಿರುಗಾಟದ ಅತಿದೊಡ್ಡ ಸಾಧನೆ ಅದು. ಜನಕ್ಕೆ ಅರ್ಥವಾಗದು ಎಂಬ ಮಾತನ್ನು ಜನರ ಮುಂದೆ ಆಡಿಯೇ ಸುಳ್ಳು ಮಾಡಿತು.

ತಂಡ ಊರಿಗೆ ಬರುವುದು ಬೆಳಿಗ್ಗೆ. ಇಳಿದವರು ಮೊದಲು ವೇದಿಕೆಯನ್ನು ಹೆಜ್ಜೆಯಲ್ಲಿ ಅಳೆಯುತ್ತಾರೆ. ಶಾಲೆಯ ವೇದಿಕೆ ಒಂದಡಿ ಕಿರಿದಾಗಿದ್ದರೆ ರಾತ್ರಿಯ ಚಲನೆಯೆಲ್ಲ ಬದಲಾಗಬೇಕು. ಆಮೇಲೆ ಹಲಗೆ, ಚೌಕಟ್ಟು, ಕಪ್ಪು ಪರದೆ, ಲೈಟಿನ ಪೆಟ್ಟಿಗೆ, ಡಿಮ್ಮರ್, ಹಾರ್ಮೋನಿಯಂ ಇಳಿಯುತ್ತವೆ. ಇಲ್ಲಿ ಪೆಟ್ಟಿಗೆಗೆ ಬೇರೆ ಆಳಿಲ್ಲ. ರಾತ್ರಿ ರಾಜನ ಪಾತ್ರ ಮಾಡುವವನು ಹಗಲು ಏಣಿ ಹತ್ತಿ ಸ್ಪಾಟ್‌ಲೈಟಿಗೆ ಬೋಲ್ಟು ಬಿಗಿಯುತ್ತಾನೆ, ರಾಣಿ ಉಡುಪುಗಳಿಗೆ ಇಸ್ತ್ರಿ ಹಾಕುತ್ತಾಳೆ. ನಾಟಕ ಮುಗಿದು ಚಪ್ಪಾಳೆ ತಣಿಯುವ ಮೊದಲೇ ಬಣ್ಣದ ಮುಖದಲ್ಲೇ ಬಿಚ್ಚುವ ಕೆಲಸ ಶುರು. ಹಿಂದಿನ ಮೇಳದಲ್ಲಿ ಹೊರುವವನು ಬೇರೆ, ಮೆರೆಯುವವನು ಬೇರೆ ಆಗಿದ್ದನಲ್ಲ, ಆ ಗೆರೆಯನ್ನು ತಿರುಗಾಟ ಅಳಿಸಿತು. ಹೆಣ್ಣುಮಕ್ಕಳು ತಂಡದ ಸಮಪಾಲುದಾರರಾಗಿ ತಿಂಗಳುಗಟ್ಟಲೆ ದಾರಿಯಲ್ಲಿರುವುದನ್ನು ನಮ್ಮ ಹಳ್ಳಿಗಳು ಕಂಡದ್ದೂ ಇದರಿಂದಲೇ. ಮೊದಮೊದಲು ಗುಸುಗುಸು ಇತ್ತು. ಆ ಹುಡುಗಿಯರನ್ನು ಮನೆಗೆ ಕರೆದು, ಬಿಸಿನೀರು ಕಾಯಿಸಿ, ಎಣ್ಣೆ ಕೊಟ್ಟು, ತಂಬುಳಿ ಊಟ ಬಡಿಸಿದ ನಮ್ಮ ಅಮ್ಮಂದಿರು, ಅತ್ತಿಗೆಯಂದಿರು ಆ ಗುಸುಗುಸನ್ನು ನಿಲ್ಲಿಸಿದರು. ಯಾವ ಭಾಷಣದಿಂದಲೂ ಆಗದ ಕೆಲಸ ಅದು.

ತಿರುಗಾಟದ ದಾರಿಯಲ್ಲಿ ಬೇರೆಯವರೂ ನಡೆದರು. ಸಾಣೇಹಳ್ಳಿಯ ಶಿವಸಂಚಾರ 1997ರಲ್ಲಿ ಹೊರಟಿತು. ನಮ್ಮದೇ ಸಾಗರ ತಾಲೂಕಿನ ತುಮರಿಯ ಹೆಸರಿನಲ್ಲಿ ಕೆ.ಜಿ. ಕೃಷ್ಣಮೂರ್ತಿಯವರ ಕಿನ್ನರ ಮೇಳ ಮಕ್ಕಳ ನಾಟಕಗಳನ್ನು ಶಾಲೆಯಿಂದ ಶಾಲೆಗೆ ಒಯ್ದಿತು. ತುಮರಿಯೆಂದರೆ ಲಿಂಗನಮಕ್ಕಿಯ ಹಿನ್ನೀರಿನಾಚೆಯ ಊರು. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಅಲ್ಲಿಯ ಜನಕ್ಕೆ ಸಾಗರವೆಂದರೆ ಲಾಂಚು, ಲಾಂಚೆಂದರೆ ಕಾಯುವುದು. ರಾತ್ರಿ ಆಟ ನೋಡಬೇಕೆಂದರೆ ಕೊನೆಯ ಲಾಂಚಿನ ಹೊತ್ತು ನೋಡಿಯೇ ಹೊರಡಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆದಿದೆ. ಅರವತ್ತು ವರ್ಷ ನೀರಿನಾಚೆ ಉಳಿದವರಿಗೆ ಈಗ ರಾತ್ರಿಯ ಆಟ, ನಾಟಕ ಮುಗಿಸಿಕೊಂಡು ಮನೆ ಸೇರುವ ದಾರಿಯಿದೆ.

ಬದಲಾವಣೆ ಮೇಳದೊಳಗೂ ಆಗಿದೆ. ಬೆಳಗಿನವರೆಗಿನ ಆಟ ಎಷ್ಟೋ ಕಡೆ ಕಾಲಮಿತಿಗೆ ಬಂದಿದೆ. ತಮ್ಮ ವೇಷ ಮುಗಿಯುತ್ತಲೇ ಕಲಾವಿದರು ಬೈಕು ಹತ್ತಿ ರಾತ್ರಿಯೇ ಮನೆ ಸೇರುತ್ತಾರೆ. ಇದನ್ನು ಹಳಿಯುವವರ ಜೊತೆ ನಾನಿಲ್ಲ. ಆರು ತಿಂಗಳು ಅಪ್ಪನ ಮುಖ ಕಾಣದೆ ಬೆಳೆದ ಮಕ್ಕಳನ್ನು ಕೇಳಿದರೆ ಹಳೆಯ ಕ್ರಮದ ಬೆಲೆ ಗೊತ್ತಾಗುತ್ತದೆ. ಆದರೆ ಮೇಳ ಊರಿನಲ್ಲಿ ಒಂದು ಹಗಲು ತಂಗುವುದು ನಿಂತಾಗ ಒಂದು ಪಾಠಶಾಲೆಯೂ ನಿಂತಿತು. ಮಧ್ಯಾಹ್ನ ಎದ್ದ ಭಾಗವತರ ಹತ್ತಿರ ಊರಿನ ಹುಡುಗ ಒಂದು ತಾಳ ಹೇಳಿಸಿಕೊಳ್ಳುತ್ತಿದ್ದದ್ದು, ಮದ್ದಳೆಯವರು ಜಗುಲಿಯಲ್ಲಿ ಕೂತು ಕರಣೆ ಹಾಕುವುದನ್ನು ನೋಡಿ ಕಲಿಯುತ್ತಿದ್ದದ್ದು ಈಗ ಆಗುತ್ತಿಲ್ಲ. ತಿರುಗಾಟದ ತಂಡ ಇಂದಿಗೂ ಊರಿನಲ್ಲಿ ಉಳಿಯುತ್ತದೆ. ಅದನ್ನು ಉಳಿಸಿಕೊಳ್ಳುವ ಮನಸ್ಸು ಊರಿನವರಿಗೆ ಇರಬೇಕು. ತಂಡವನ್ನು ಲಾಡ್ಜಿಗೆ ಕಳಿಸಿ ಹೋಟೆಲಿನಿಂದ ಪೊಟ್ಟಣ ತರಿಸುವುದು ನಮಗೆ ಸುಲಭ, ಅಷ್ಟೇ.

ಇವೆಲ್ಲದರ ದಾಖಲೆ ಇರುವುದು ಆಡಿಸಿದವರ ಮನೆಗಳಲ್ಲಿ. ಆಟದ ಖರ್ಚಿನ ಪುಸ್ತಕ, ಕರಪತ್ರ, ಟಿಕೆಟ್ಟಿನ ಅಡಿಹಾಳೆ, ಮೇಳದ ಮೇನೇಜರರಿಗೆ ಬರೆದ ಕಾಗದದ ಪ್ರತಿ. ಗ್ಯಾಸ್‌ಲೈಟಿನ ಮ್ಯಾಂಟಲ್ಲಿಗೆ ಎಷ್ಟು, ಕಾಫಿಪುಡಿಗೆ ಎಷ್ಟು, ಅಕ್ಕಿ ಯಾರ ಮನೆಯಿಂದ, ತೆಂಗಿನಕಾಯಿ ಯಾರದು, ಪೆಟ್ಟಿಗೆ ಆಳುಗಳಿಗೆ ಕೊಟ್ಟದ್ದೆಷ್ಟು ಎಂದು ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಕಲಾವಿದರ ಹೆಸರು ಬೇರೆ ಕಡೆಯೂ ಸಿಗುತ್ತದೆ, ಪೆಟ್ಟಿಗೆ ಹೊತ್ತವರ ಹೆಸರು ಸಿಕ್ಕರೆ ಅಲ್ಲಿ ಮಾತ್ರ. ನಮ್ಮ ಅಟ್ಟಗಳ ತೇವದಲ್ಲಿ ಕಾಗದ ಬಹಳ ವರ್ಷ ಬಾಳುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥ ಒಂದು ಹಾಳೆ ಇದ್ದರೂ ಈ ಸಂಚಿಕೆ ತರುತ್ತಿರುವ ನಮ್ಮ ಸಂಘಕ್ಕೆ ತಿಳಿಸಿ. ಹುಡುಗರು ಬಂದು ಫೋಟೋ ತೆಗೆದುಕೊಂಡು ಮೂಲವನ್ನು ನಿಮ್ಮ ಕೈಗೇ ಕೊಡುತ್ತಾರೆ. ಹೆಸರು ನೆನಪಿರುವ ಹಿರಿಯರಿದ್ದರೆ ಈ ಮಳೆಗಾಲಕ್ಕೆ ಮೊದಲೇ ಹೇಳಿ ಕಳಿಸಿ, ಬರೆದುಕೊಳ್ಳಲು ನಾವೇ ಬರುತ್ತೇವೆ.