ಕರುಣೆಯೂ ಪ್ರಮಾಣವೂ

ಭದ್ರಾ ನಾಲೆಯ ನೀರುಂಡು ಬೆಳೆಯುವ, ದಾವಣಗೆರೆ ಜಿಲ್ಲೆಯ ಹದಡಿಯ ಸೀಮೆಯಲ್ಲಿ ಮನೆಯವರೊಬ್ಬರಿಗೆ ಚಿತ್ತವಿಭ್ರಮೆ ತಲೆದೋರಿದರೆ, ಗಾಳಿ ಸೋಂಕಿತೆಂದೋ ಯಾರೋ ಮಾಟ ಮಾಡಿಸಿದರೆಂದೋ ಶಂಕಿಸಿದ ಬಂಧುಗಳಿಗೆ ಹರಿಹರದ ಕಡೆಯ ಉಕ್ಕಡಗಾತ್ರಿ ಹತ್ತಿರದ ಆಶ್ರಯವಾಗಿತ್ತು. ತುಂಗಭದ್ರೆಯ ತೀರದಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿರುವ ಆ ಕ್ಷೇತ್ರಕ್ಕೆ ಇಂಥ ಪೀಡಿತರನ್ನು ಕರೆತರುವ ರೂಢಿ ಇಂದಿಗೂ ಅಳಿದಿಲ್ಲ. ಸರ್ಕಾರದ ಪ್ರಮುಖ ಚಿಕಿತ್ಸಾಕೇಂದ್ರವಾದರೋ ಸುಮಾರು 260 ಕಿಲೋಮೀಟರು ದೂರದ ಬೆಂಗಳೂರಿನಲ್ಲಿತ್ತು. ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದುವು.

ಹಳ್ಳಿಯ ಜನರ ಈ ನಡೆಯನ್ನು ಮೌಢ್ಯವೆಂದು ಹಳಿಯುವುದು ಸುಲಭವಾಗಿತ್ತು. ಅದನ್ನು ಪರೀಕ್ಷಿಸಿ ನೋಡುವುದು ಕಷ್ಟವಾಗಿತ್ತು. ಆ ಕಷ್ಟವನ್ನು ಕೈಗೊಂಡವರಲ್ಲಿ ಮನೋವೈದ್ಯರಾದ ಡಾ. ಆರ್. ಎಲ್. ಕಪೂರರೂ ಮಾರಿಸ್ ಕಾರ್‌ಸ್ಟೇರ್ಸರೂ ಮುಖ್ಯರು. ಕರಾವಳಿಯ ಕೋಟದಲ್ಲಿ ಮನೆಮನೆಗೂ ಹೋಗಿ ವಿಚಾರಿಸಿ, 1976ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಅವರು ಕಂಡದ್ದೇನೆಂದರೆ, ಮಂತ್ರವಾದಿಯನ್ನು ಆಶ್ರಯಿಸಿದವರೇ ವೈದ್ಯನ ಬಳಿಗೂ ಹೋಗುತ್ತಿದ್ದರು, ಒಬ್ಬನಲ್ಲಿಟ್ಟ ವಿಶ್ವಾಸವು ಮತ್ತೊಬ್ಬನನ್ನು ತೊರೆಯಲು ಕಾರಣವಾಗುತ್ತಿರಲಿಲ್ಲ. ಆದುದರಿಂದ ಜನರ ನಂಬಿಕೆಯೊಡನೆ ಕಾದಾಡುವುದಕ್ಕಿಂತ, ಚಿಕಿತ್ಸೆಯನ್ನು ಅವರ ಕಾಲ್ನಡಿಗೆಯ ದೂರಕ್ಕೆ ತರುವುದೇ ಯುಕ್ತವಾದ ಮಾರ್ಗವೆಂದು ತೋರುತ್ತಿತ್ತು.

ಈ ಊಹೆಯೂ ಪರೀಕ್ಷೆಗೊಳಗಾಯಿತು. ನಿಮ್ಹಾನ್ಸಿನವರು ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತೀವ್ರವಾದ ಮನೋರೋಗ, ಮೂರ್ಛೆರೋಗಗಳನ್ನು ಗುರುತಿಸುವ ಕ್ರಮವನ್ನು ಕಲಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಅಂಗೀಕೃತವಾದ ಮೇಲೆ, 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಇಡಿಯಾಗಿ ಪ್ರಯೋಗಭೂಮಿಯನ್ನಾಗಿ ಮಾಡಿಕೊಳ್ಳಲಾಯಿತು. ಮುಂದೆ 1997ರಿಂದ 2018ರ ತನಕ ಹದಡಿಯಂತೆಯೇ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯು ಆಗ ಬಳ್ಳಾರಿಯ ತಾಲ್ಲೂಕೇ ಆಗಿತ್ತು. ಆಯ್ದ ಕೆಲವೇ ಔಷಧಿಗಳು, ತರಬೇತಿ ಹೊಂದಿದ ವೈದ್ಯರು, ಸರಳವಾದ ದಾಖಲೆ, ಜಿಲ್ಲಾ ಕೇಂದ್ರದಿಂದ ಮೇಲ್ವಿಚಾರಣೆ: ಇವಿಷ್ಟೇ ಆ ಯೋಜನೆಯ ಬಂಡವಾಳ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಬಳ್ಳಾರಿಯನ್ನೇ ಮಾದರಿಯಾಗಿರಿಸಿಕೊಂಡಿತು.

ಒಳ್ಳೆಯ ಮನಸ್ಸಿನಿಂದ ಮಾಡುವ ಸೇವೆಗೆ ದಾಖಲೆಯ ಹಂಗೇಕೆಂದು ಕೇಳುವವರುಂಟು. ಅವರಿಗೆ ಅಮೆರಿಕದ ಮಸಾಚುಸೆಟ್ಸಿನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ನಗರಗಳ ನಿದರ್ಶನವು ತಕ್ಕ ಉತ್ತರವನ್ನೀಯುತ್ತದೆ. 1939ರಲ್ಲಿ ಅಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 506 ಬಾಲಕರನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಸಮಾಜ ಕಾರ್ಯಕರ್ತರ ಸ್ನೇಹ, ಸಲಹೆ, ವೈದ್ಯಕೀಯ ನೆರವುಗಳನ್ನು ವರ್ಷಗಟ್ಟಲೆ ಒದಗಿಸಿ, ಇನ್ನೊಬ್ಬನನ್ನು ಅವನ ಪಾಡಿಗೆ ಬಿಡಲಾಯಿತು. ಮೂವತ್ತು ವರ್ಷಗಳು ಕಳೆದ ಮೇಲೆ ಅವರನ್ನು ಹುಡುಕಿ ವಿಚಾರಿಸಿದ ಜೋನ್ ಮೆಕಾರ್ಡ್, 1978ರಲ್ಲಿ ಪ್ರಕಟಿಸಿದ ಫಲಿತಾಂಶವು ಸೇವಾಸಕ್ತರನ್ನು ಬೆಚ್ಚಿಬೀಳಿಸಿತು: ನೆರವು ಪಡೆದವರಲ್ಲಿ ಬಹುಮಂದಿ ತಮಗೆ ಉಪಕಾರವಾಯಿತೆಂದು ಕೃತಜ್ಞತೆಯಿಂದ ನುಡಿದರೂ, ಕುಡಿತ, ಮನೋವ್ಯಾಧಿ, ಅಕಾಲಮೃತ್ಯು ಮುಂತಾದವುಗಳಲ್ಲಿ ಅವರ ಸ್ಥಿತಿಯೇ ನೆರವಿಲ್ಲದವರಿಗಿಂತ ಕೆಟ್ಟದಾಗಿತ್ತು. ಸೇವೆ ಪಡೆದವರ ಕೃತಜ್ಞತೆಯೂ ಸೇವೆಯ ಸಾಫಲ್ಯಕ್ಕೆ ಸಾಕ್ಷಿಯಾಗಲಾರದೆಂಬುದು ಅಲ್ಲಿ ನಿಸ್ಸಂದೇಹವಾಗಿ ಸಿದ್ಧವಾಯಿತು.

ಆದರೆ ಒಂದೆಡೆ ಸಿದ್ಧವಾದ ಪ್ರಮಾಣವು ಎಲ್ಲೆಡೆಗೂ ತಾನಾಗಿ ಸಲ್ಲುವುದಿಲ್ಲ. ಬಳ್ಳಾರಿಯಲ್ಲಿ ಫಲ ಕೊಟ್ಟ ಕ್ರಮವು ದೇಶದ ಉದ್ದಗಲಕ್ಕೆ ಹಬ್ಬಿದಾಗ, ಮನೋವೈದ್ಯರ ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಕೊರತೆಯಿಂದಲೂ ಮೇಲ್ವಿಚಾರಣೆಯ ಸಡಿಲಿಕೆಯಿಂದಲೂ ಹಲವು ಜಿಲ್ಲೆಗಳಲ್ಲಿ ಸೊರಗಿತು. ಬೇರೆಡೆಯ ಬೀಜವನ್ನು ತಂದ ರೈತನು ತನ್ನ ಹೊಲದ ಮಣ್ಣನ್ನು ಮರೆಯದಿರುವಂತೆ, ಹದಡಿಯಲ್ಲಿ ದುಡಿಯುವ ಕಾರ್ಯಕರ್ತನೂ ಅನ್ಯರ ಅನುಭವವನ್ನು ಓದಿಕೊಂಡೇ, ಅಜ್ಜಯ್ಯನ ಗದ್ದುಗೆಗೆ ನಡೆದುಕೊಳ್ಳುವ ಕುಟುಂಬದ ಶ್ರದ್ಧೆಯನ್ನು ಗೌರವಿಸಿಕೊಂಡೇ, ಮಾತ್ರೆ ನಿಲ್ಲಿಸಿದವರಾರು, ಮರಳಿ ಹೊಲಗೆಲಸಕ್ಕೆ ಹೋದವರಾರು ಎಂಬುದನ್ನು ವರ್ಷವರ್ಷವೂ ಲೆಕ್ಕವಿಡಬೇಕಾಗುತ್ತದೆ. ಆ ಲೆಕ್ಕವು ತನ್ನ ದುಡಿಮೆಗೆ ವಿರುದ್ಧವಾಗಿ ನುಡಿದಾಗ ದುಡಿಮೆಯ ದಾರಿಯನ್ನು ಬದಲಿಸುವ ಧೈರ್ಯವು ಆತನಲ್ಲಿರುವುದಾದರೆ, ಅವನ ಕರುಣೆಯು ಪೀಡಿತರಿಗೆ ನಿಜವಾಗಿಯೂ ಉಪಯೋಗಕ್ಕೆ ಬಂದೀತು.