ಉರ್ದು ಕಥನದ ಗೆಳತಿಯರು

ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಇದಕ್ಕೆ ಉತ್ತರವೆಂಬಂತೆ, ಹೆಣ್ಣಿಗೆ ಹೆಣ್ಣೇ ಆಸರೆ ಎಂದು ಹೇಳುವವರೂ ಇದ್ದಾರೆ. ಉರ್ದು ಕಥನದ ಹಳೆಯ ಪುಟಗಳನ್ನು ತಿರುವಿದರೆ ಎರಡು ಮಾತೂ ಸಾಲುವುದಿಲ್ಲ.

ಡೆಪ್ಯುಟಿ ನಜೀರ್ ಅಹ್ಮದ್ ಅವರ 'ಮಿರಾತುಲ್ ಉರೂಸ್' (1869) ಉರ್ದುವಿನ ಮೊದಲ ಕಾದಂಬರಿಯೆಂದೇ ಸಾಮಾನ್ಯವಾಗಿ ಹೆಸರಾಗಿದೆ. ತಮ್ಮ ಹೆಣ್ಣುಮಕ್ಕಳ ಓದಿಗೆಂದು ಬರೆದ ಈ ಕೃತಿಗೆ ಬ್ರಿಟಿಷ್ ಸರಕಾರ 1,000 ರೂಪಾಯಿ ಬಹುಮಾನ ಕೊಟ್ಟಿತು. ಅಕ್ಕ ಅಕ್ಬರಿ ಕೆಟ್ಟ ಸೊಸೆ, ತಂಗಿ ಅಸ್ಗರಿ ಒಳ್ಳೆಯ ಸೊಸೆ. ಮೊಹಲ್ಲಾದ ಬಡ ಮನೆಗಳ ಹುಡುಗಿಯರೊಂದಿಗಿನ ಸ್ನೇಹವೂ ಅಕ್ಬರಿಯ ಅಪರಾಧಗಳಲ್ಲೊಂದು. ಮುಂದೆ ಹಜ್ಜನ್ ವೇಷದ ವಂಚಕಿಯನ್ನು ನಂಬಿ ಅವಳು ಒಡವೆ ಕಳೆದುಕೊಳ್ಳುತ್ತಾಳೆ. ಗೆಳತಿಯರ ವಿಷಯದಲ್ಲಿ ಎಚ್ಚರ ಎಂಬುದೇ ಪಾಠ.

ಮೂವತ್ತು ವರ್ಷಗಳ ನಂತರ, 1899ರಲ್ಲಿ, ಮಿರ್ಜಾ ಹಾದಿ ರುಸ್ವಾ ಅವರ 'ಉಮ್ರಾವ್ ಜಾನ್ ಅದಾ' ಬಂತು. ಫೈಜಾಬಾದಿನಿಂದ ಅಪಹರಿಸಿ ತಂದ ಪುಟ್ಟ ಅಮೀರನ್‌ಗೆ ಲಖನೌದಲ್ಲಿ ತನ್ನಂತೆಯೇ ಸೆರೆಯಾದ ರಾಮ್‌ದೇಯಿ ಜೊತೆಯಾಗುತ್ತಾಳೆ. ಒಬ್ಬಳು ಕೋಠಾಕ್ಕೆ ಮಾರಾಟವಾಗಿ ಉಮ್ರಾವ್ ಆಗುತ್ತಾಳೆ. ಇನ್ನೊಬ್ಬಳು ನವಾಬರ ಮನೆಗೆ ಮಾರಾಟವಾಗಿ ಬೇಗಂ ಆಗುತ್ತಾಳೆ. ವರ್ಷಗಳ ಮೇಲೆ ಕಾನ್ಪುರದಲ್ಲಿ ಇಬ್ಬರೂ ಗುರುತು ಹಿಡಿಯುತ್ತಾರೆ. ಆದರೆ ಬೇಗಂಳ ಗಂಡ, ಉಮ್ರಾವ್ ಒಮ್ಮೆ ಪ್ರೀತಿಸಿದ್ದ ನವಾಬ್ ಸುಲ್ತಾನನೇ. ಅಕ್ಕರೆಯ ಪಕ್ಕದಲ್ಲೇ ಸಂಕಟ ಕೂತಿರುವುದನ್ನು ನಾವಿಲ್ಲಿ ಕಾಣುತ್ತೇವೆ. ಯಾರು ಯಾವ ಬಾಗಿಲಿಗೆ ಮಾರಾಟವಾದರು ಎಂಬುದಷ್ಟೇ ಅವರಿಬ್ಬರ ಅಂತರ.

ಇಸ್ಮತ್ ಚುಗ್ತಾಯಿ ಅವರ 'ಲಿಹಾಫ್' 1942ರಲ್ಲಿ ಲಾಹೋರಿನ 'ಅದಬ್-ಎ-ಲತೀಫ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡನಿಂದ ಕಡೆಗಣಿಸಲ್ಪಟ್ಟ ಬೇಗಂ ಜಾನ್ ಮತ್ತು ಅವಳ ಮೈ ತಿಕ್ಕುವ ರಬ್ಬೂವಿನ ಸಂಬಂಧವನ್ನು ಇಲ್ಲಿ ಚಿಕ್ಕ ಹುಡುಗಿಯೊಬ್ಬಳು ನೋಡುತ್ತಾಳೆ. ಅಶ್ಲೀಲತೆಯ ಮೊಕದ್ದಮೆ ಲಾಹೋರಿನಲ್ಲಿ ನಡೆಯಿತು. ಅಶ್ಲೀಲವೆನ್ನುವ ಒಂದು ಪದವನ್ನೂ ತೋರಿಸಲಾಗದೆ ಬಿದ್ದುಹೋಯಿತು. ಆ ಗದ್ದಲದಲ್ಲಿ ಎಲ್ಲರೂ ಬೇಗಂ ಜಾನ್ ಬಗ್ಗೆ ಮಾತಾಡಿದರು. ಅವಳ ಅನ್ನ ಉಣ್ಣುವ ರಬ್ಬೂಗೆ ಬೇಡ ಎನ್ನುವ ಅವಕಾಶವಿತ್ತೇ ಎಂದು ಕೇಳಿದವರು ಕಡಿಮೆ. ಇನ್ನು ಹೆದರಿದ ಆ ಹುಡುಗಿ? ಅವಳ ಪಾಲಿಗೆ ಬೇಗಂ ಜಾನ್‌ಳ ಪ್ರೀತಿಯೇ ಭಯವಾಗುತ್ತದೆ.

ಬಡತನ, ಹಣ, ಗಂಡು, ಮನೆತನ ಇವೆಲ್ಲವೂ ಗೆಳತಿಯರ ನಡುವೆ ಬಂದು ಕೂರುತ್ತವೆ. ಕತೆ ಬರೆಯುವ ನಾವು ಇವನ್ನು ಎಬ್ಬಿಸಿ ಆಚೆ ಕಳಿಸಿ, ಕೈಕೈ ಹಿಡಿದ ಹೆಂಗಸರ ಚಂದದ ಚಿತ್ರ ಬರೆಯಬಹುದು. ಆದರೆ ನಮ್ಮ ಮನೆಯ ಪಾತ್ರೆ ತೊಳೆಯುವಾಕೆಯನ್ನು ನಾವು 'ಆಪಾ' ಎಂದು ಕರೆದರೂ, ಅವಳ ಚಹಾದ ಲೋಟ ಇಂದಿಗೂ ಬೇರೆಯೇ ಇದೆ. ಆ ಲೋಟವನ್ನು ನಾವಿನ್ನೂ ಕತೆಯೊಳಗೆ ತಂದಿಲ್ಲ.